ಬಾಸೆಲಿನ ಅಪ್ಪಣೆ, ಮಂಗಳೂರಿನ ಮಣ್ಣು

ಕೊಲ್ಲಮೊಗ್ರಿನಲ್ಲಿರುವ ನಮ್ಮ ಚಿಕ್ಕಪ್ಪನವರ ಮನೆಯ ಮಾಡನ್ನು ಬಿಚ್ಚಿದಾಗ ಹಳೆಯ ಹಂಚೊಂದು ನನ್ನ ಕೈಗೆ ಬಂತು. ಪಾಚಿಯನ್ನು ಉಜ್ಜಿ ನೋಡಿದರೆ ಅದರ ಬೆನ್ನ ಮೇಲೆ ಬಾಸೆಲ್ ಮಿಷನ್ನಿನ ಹೆಸರೂ, ಕಾರ್ಖಾನೆ ಹುಟ್ಟಿದ 1865ನೆಯ ಇಸವಿಯೂ ಅಚ್ಚೊತ್ತಿದ್ದುವು. ಅಡಿಕೆ ತೋಟದ ನಡುವಿನ ಈ ಮನೆಗೂ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರಕ್ಕೂ ಏನು ನಂಟು ಎಂದು ವಾಚಕರು ಕೇಳಬಹುದು.

ಬಹುರಾಷ್ಟ್ರೀಯ ಕಂಪನಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಬೆಂಗಳೂರಿನ ಗಾಜಿನ ಸೌಧಗಳು. ಆದರೆ ಯಜಮಾನಿಕೆ ಕಡಲಾಚೆ, ದುಡಿಮೆ ಈಚೆ ಎಂಬ ಏರ್ಪಾಡನ್ನು ನಮ್ಮ ಜಿಲ್ಲೆ ನೂರೈವತ್ತು ವರ್ಷಗಳಿಗೂ ಹಿಂದೆಯೇ ಕಂಡಿತ್ತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಪಾದ್ರಿಗಳು ಆ ನಗರದ ಸಮಿತಿಯ ಅಧೀನರು. ಸಮಿತಿಯ ಅಪ್ಪಣೆಯಿಲ್ಲದೆ ಅವರು ಮದುವೆಯಾಗುವಂತೆಯೂ ಇರಲಿಲ್ಲ! ಒಪ್ಪಿಗೆಯ ಕಾಗದ ಹಡಗೇರಿ ಬರಬೇಕು. ಅನೇಕರಿಗೆ ವಧುವೂ ಹಾಗೆಯೇ ಬಂದಳು. ವರಮಹಾಶಯರ ತಾಳ್ಮೆಯನ್ನು ಊಹಿಸಿಕೊಳ್ಳಿ. ವ್ಯಾಪಾರಕ್ಕೆಂದು 1859ರಲ್ಲಿ ಬೇರೆಯೇ ಒಂದು ಕಂಪನಿ ಹುಟ್ಟಿತು. ಅದರ ಪ್ರಧಾನ ಕಚೇರಿಯೂ ಬಾಸೆಲಿನಲ್ಲಿಯೇ.

ಆದರೆ ಮಣ್ಣು ಕಾಗದದ ಮಾತನ್ನು ಕೇಳುವುದಿಲ್ಲ. ಮುದ್ರಣಾಲಯದ ಕೆಲಸಕ್ಕೆಂದು ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದಾಗ ಅಚ್ಚು ಯುರೋಪಿನದು, ಜೇಡಿ ಇಲ್ಲಿಯದು. ಅದಕ್ಕೆ ನೀರೆಷ್ಟು, ಬೆಂಕಿಯೆಷ್ಟು, ನಮ್ಮ ಆಷಾಢದ ಮಳೆಯನ್ನು ಅದು ತಡೆದೀತೇ ಎಂಬುದನ್ನು ಬಾಸೆಲಿನಲ್ಲಿ ಕುಳಿತವರು ಬರೆದು ಕಳುಹಿಸಬಲ್ಲರೇ? ಮದುವೆಯ ವಿಷಯದಲ್ಲಿ ಎಷ್ಟೇ ಬಿಗಿಯಾಗಿದ್ದರೂ ಮಣ್ಣಿನ ವಿಷಯದಲ್ಲಿ ಸ್ಥಳದಲ್ಲಿದ್ದವನ ಕೈಗುಣವನ್ನೇ ನೆಚ್ಚಬೇಕಿತ್ತು. ಆ ಹಂಚು ನಮ್ಮ ಮಲೆಯ ಬುಡದವರೆಗೂ ಏರಿ ಬಂದದ್ದು ಹೀಗೆ.

1914ರ ಮಹಾಯುದ್ಧ ಇವರಿಬ್ಬರ ನಂಟನ್ನೇ ಕಡಿಯಿತು. ಸ್ವಿಟ್ಜರ್ಲೆಂಡ್ ತಟಸ್ಥ ರಾಷ್ಟ್ರ. ಆದರೆ ಸಂಸ್ಥೆಯಲ್ಲಿ ದುಡಿಯುತ್ತಿದ್ದವರಲ್ಲಿ ಜರ್ಮನರು ಬಹಳ. ಬ್ರಿಟಿಷ್ ಸರಕಾರ ಆಸ್ತಿಯನ್ನು ವಶಪಡಿಸಿಕೊಂಡಿತು; ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದುವು.

ಈ ಕಥೆಯೆಲ್ಲ ನೆನಪಾದದ್ದು ಚಿಕ್ಕಪ್ಪನ ಮಗನ ದೆಸೆಯಿಂದ. ಅವನು ಬೆಂಗಳೂರಿನಲ್ಲಿ ಶಾಖೆಯಿರುವ ವಿದೇಶೀ ಕಂಪನಿಯೊಂದರಲ್ಲಿ ನೌಕರ. 2022ರ ಆಗಸ್ಟ್ ಮೊದಲ ದಿನಗಳಲ್ಲಿ ಕೊಲ್ಲಮೊಗ್ರು, ಹರಿಹರ, ಕಲ್ಮಕಾರುಗಳಲ್ಲಿ ಹೊಳೆ ಉಕ್ಕಿ ಹರಿದಾಗ ಅವನು ಊರಿನಲ್ಲಿದ್ದ. ನಮ್ಮ ತೋಟದ ಕಾಲುಸಂಕ ಕೊಚ್ಚಿಹೋಗಿತ್ತು, ವಿದ್ಯುತ್ತಿಲ್ಲ, ದೂರವಾಣಿಯಿಲ್ಲ. ಬೆಂಗಳೂರಿನ ಅವನ ಮೇಲಧಿಕಾರಿ ಯಾರನ್ನೂ ಕೇಳದೆ ಎಂಟು ದಿನದ ರಜೆಯನ್ನು ಬರೆದುಕೊಂಡರು. ತಿಂಗಳ ಕೊನೆಗೆ ಕಡಲಾಚೆಯಿಂದ ಪ್ರಶ್ನೆ ಬಂತು: ಮುಂಗಡ ಅನುಮತಿಯಿಲ್ಲದೆ ರಜೆ ಕೊಟ್ಟದ್ದೇಕೆ?

ಅಂದು ಕಾಗದಕ್ಕೆ ತಿಂಗಳುಗಳು ಹಿಡಿಯುತ್ತಿದ್ದುವು, ಇಂದು ಕ್ಷಣವೂ ಬೇಡ. ಅಪ್ಪಣೆ ಬೇಗ ತಲಪುತ್ತದೆ. ಹೊಳೆಯ ಸದ್ದು ಮಾತ್ರ ಅತ್ತ ತಲಪುವುದಿಲ್ಲ. ಆ ಅಧಿಕಾರಿ, ಪುಣ್ಯವಂತರು, ವಾದಕ್ಕಿಳಿಯಲಿಲ್ಲ. ಸಂಕವಿದ್ದ ಜಾಗದ ಚಿತ್ರವೊಂದನ್ನು ಕಳುಹಿಸಿದರು. ಮರುದಿನವೇ ಉತ್ತರ ಬಂತು, ವಿನಯಪೂರ್ವಕವಾಗಿಯೇ: ಇದನ್ನು ಯಾವ ಬಗೆಯ ರಜೆಯ ಅಂಕಣದಲ್ಲಿ ನಮೂದಿಸಬೇಕು?