ಕಟ್ಟುಕಥೆಯೆಂದು ಮೂಗು ಮುರಿಯುವವರಿಗೆ

“ಮಗಳು ಏನು ಓದುತ್ತಿದ್ದಾಳೆ?” ಎಂದು ನಮ್ಮ ಹೊರನಾಡ ಕನ್ನಡ ಮನೆಗಳಲ್ಲಿ ಕೇಳಿ ನೋಡಿ. “ಏನೋ ಇಂಗ್ಲಿಷಿನ ದಪ್ಪ ಪುಸ್ತಕ. ಮಾಯೆ, ಮಂತ್ರ, ಪ್ರೇಮ. ಕೆಲಸಕ್ಕೆ ಬಾರದ್ದು” ಎಂಬ ಉತ್ತರ ಬರುತ್ತದೆ. ‘ಕೆಲಸಕ್ಕೆ ಬಾರದ್ದು’ ಎಂಬ ಈ ತೀರ್ಪಿನ ಮೇಲೆಯೇ ನಮ್ಮ ತಕರಾರು. ತೀರ್ಪು ಕೊಟ್ಟ ಹಿರಿಯರಲ್ಲಿ ಆ ಪುಸ್ತಕವನ್ನು ತೆರೆದು ನೋಡಿದವರು ಎಷ್ಟು ಮಂದಿ? ಅದಿರಲಿ, ಇಂಥ ಕಥೆಯನ್ನು ಹೀಗಳೆಯುವ ಅಧಿಕಾರ ಕನ್ನಡಿಗರಾದ ನಮಗೆ ಇದೆಯೆ?

ಆ ದಪ್ಪ ಪುಸ್ತಕಗಳಲ್ಲಿ ಹಲವನ್ನು ಬರೆದವರು ಸಾರಾ ಜೆ. ಮಾಸ್ ಎಂಬ ಅಮೆರಿಕದ ಲೇಖಕಿ. 1986ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಈಕೆ ತಮ್ಮ ಮೊದಲ ಕಾದಂಬರಿಯನ್ನು ಬರೆಯತೊಡಗಿದ್ದು 16ನೆಯ ವಯಸ್ಸಿನಲ್ಲಿ. ಅದು ‘ಥ್ರೋನ್ ಆಫ್ ಗ್ಲಾಸ್’ ಎಂಬ ಹೆಸರಿನಲ್ಲಿ ಅಚ್ಚಾದದ್ದು 2012ರಲ್ಲಿ. ಪ್ರೇರಣೆ ಎಲ್ಲಿಂದ ಬಂತೆಂದು ಕೇಳಿದವರಿಗೆ ಈಕೆ ಮುಚ್ಚುಮರೆಯಿಲ್ಲದೆ ಉತ್ತರ ಕೊಟ್ಟಿದ್ದಾರೆ: ಸಿಂಡ್ರೆಲ್ಲಾ ಕಥೆಯಿಂದ. ರಾಜಕುಮಾರನ ನೃತ್ಯಕೂಟಕ್ಕೆ ಹೋದ ಆ ಹುಡುಗಿ ಮನೆಗೆಲಸದವಳಾಗಿರದೆ, ಅವನನ್ನು ಕೊಲ್ಲಲು ಬಂದವಳಾಗಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯಿಂದ ಕಥೆ ಬೆಳೆಯಿತಂತೆ. 2015ರಲ್ಲಿ ಬಂದ ‘ಎ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್’ ಕಾದಂಬರಿಗೂ ಮೂರು ಹಳೆಯ ಕಥೆಗಳ ಋಣವನ್ನು ಅವರು ಒಪ್ಪಿಕೊಂಡಿದ್ದಾರೆ. ಒಂದು, ಮೃಗವನ್ನು ಪ್ರೀತಿಸಿದ ಚೆಲುವೆಯ ಕಥೆ. ಎರಡನೆಯದು ನಾರ್ವೆಯದು. ಅದರಲ್ಲಿ ಗಂಡ ಹಗಲು ಕರಡಿ, ಇರುಳು ಮನುಷ್ಯ. ದೀಪ ಹಚ್ಚಿ ಅವನ ಮುಖ ನೋಡಿದ ಹೆಂಡತಿ ಅವನನ್ನು ಕಳೆದುಕೊಂಡು ಹುಡುಕಿ ಹೊರಡುತ್ತಾಳೆ. ಮೂರನೆಯದು ಸ್ಕಾಟ್ಲೆಂಡಿನ ಟ್ಯಾಮ್ ಲಿನ್ ಲಾವಣಿ. ಯಕ್ಷಿಣಿಯರ ರಾಣಿ ನಲ್ಲನನ್ನು ಹಾವಾಗಿ, ಮೃಗವಾಗಿ, ಉರಿಯುವ ಕೆಂಡವಾಗಿ ಮಾಡಿದರೂ ಹುಡುಗಿ ಹಿಡಿದ ಕೈ ಬಿಡುವುದಿಲ್ಲ.

ಇವೆಲ್ಲ ಏನು? ಅಜ್ಜಿಕಥೆಗಳು. ಅವನ್ನು ನಂಬಿ ಬರೆದ ಹೆಂಗಸೊಬ್ಬಳಿಗೆ ಲೋಕವೆಲ್ಲ ಓದುಗರು ಸಿಕ್ಕಿದ್ದಾರೆ. ನಾವೋ, ಹಿತ್ತಲ ಗಿಡ ಮದ್ದಲ್ಲವೆಂದು ನಮ್ಮ ಅಜ್ಜಿಯರನ್ನು ಸುಮ್ಮನಾಗಿಸಿದವರು.

ಗಿರೀಶ ಕಾರ್ನಾಡರ ‘ನಾಗಮಂಡಲ’ ನಾಟಕವನ್ನು ನೆನೆಯೋಣ. 1988ರ ಈ ನಾಟಕಕ್ಕೆ ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳೇ ಆಧಾರವೆಂದು ಕಾರ್ನಾಡರೇ ಹೇಳಿದ್ದಾರೆ. ಹೆಂಡತಿಯನ್ನು ಮನೆಯೊಳಗಿಟ್ಟು ಬೀಗ ಹಾಕಿ ಹೋಗುವ ಗಂಡ. ಇರುಳಿನಲ್ಲಿ ಅವನದೇ ರೂಪ ತಳೆದು ಬರುವ ನಾಗ. ಹಗಲು ಒಂದು, ಇರುಳು ಇನ್ನೊಂದು. ನಾರ್ವೆಯ ಕರಡಿಗೂ ನಮ್ಮ ನಾಗನಿಗೂ ದಾಯಾದಿ ಸಂಬಂಧ! ಆ ನಾಟಕಕ್ಕೆ ನಾವು ಟಿಕೆಟ್ಟು ಕೊಂಡು ಹೋಗಿ ಚಪ್ಪಾಳೆ ತಟ್ಟಿದೆವು. ತಟ್ಟಬೇಕಾದದ್ದೇ. ಆದರೆ ಗಂಡಸು ನಾಟಕ ಬರೆದರೆ ಅದು ಜಾನಪದದ ಮರುಸೃಷ್ಟಿ, ಹೆಂಗಸು ಪ್ರೇಮಕಾದಂಬರಿ ಬರೆದರೆ ಅದು ಕಾಲಹರಣ, ಇದು ಯಾವ ನ್ಯಾಯ? ನಮ್ಮ ಲೇಖಕಿಯರ ಬರಹವನ್ನು ‘ಅಡಿಗೆಮನೆ ಸಾಹಿತ್ಯ’ ಎಂದು ಜರೆದದ್ದೂ ಇದೇ ನಾಲಿಗೆ. ಈ ಕಥೆಗಳೆಲ್ಲ ಉಳಿದು ಬಂದದ್ದೇ ಅಡಿಗೆಮನೆಯಲ್ಲಿ, ಮಕ್ಕಳಿಗೆ ಕೈತುತ್ತು ಹಾಕುತ್ತ ಹೇಳಿದ ಹೆಂಗಸರಿಂದ ಎಂಬುದನ್ನು ಜರೆದವರು ಮರೆತರು.

ಇನ್ನೂ ದೊಡ್ಡ ಸಾಕ್ಷಿ ನಮ್ಮ ನಾಲಿಗೆಯ ಮೇಲೆಯೇ ಇದೆ. ‘ನಾವೆಲ್’ಗೆ ನಾವು ‘ಕಾದಂಬರಿ’ ಎನ್ನುತ್ತೇವೆ. ನೆರೆಯ ಮರಾಠಿಯವರೂ ಹಾಗೆಯೇ ಅನ್ನುತ್ತಾರೆ. ಯಾರು ಈ ಕಾದಂಬರಿ? 7ನೆಯ ಶತಮಾನದಲ್ಲಿ ಬಾಣಭಟ್ಟ ಸಂಸ್ಕೃತದಲ್ಲಿ ಬರೆದ ಕಥೆಯ ನಾಯಕಿ, ಗಂಧರ್ವಕನ್ಯೆ. ಆಕೆಯನ್ನು ಕನ್ನಡಕ್ಕೆ ಕರೆತಂದವನು ‘ಕರ್ಣಾಟಕ ಕಾದಂಬರಿ’ ಬರೆದ ನಾಗವರ್ಮ. ಅದಾಗಿ ಸುಮಾರು 1000 ವರ್ಷಗಳಾದವು. ಆ ಕಥೆಯಲ್ಲಿ ಮಾತನಾಡುವ ಗಿಳಿಯಿದೆ, ಶಾಪವಿದೆ, ಮರುಜನ್ಮವಿದೆ, ಭೂಮಿಗಿಳಿದ ಚಂದ್ರನಿದ್ದಾನೆ. ಸತ್ತ ನಲ್ಲನಿಗಾಗಿ ಅಚ್ಛೋದ ಸರೋವರದ ದಡದಲ್ಲಿ ಕಾದು ಕುಳಿತ ಮಹಾಶ್ವೇತೆಯಿದ್ದಾಳೆ. ಗೆಳತಿ ದುಃಖದಲ್ಲಿರುವಾಗ ತಾನು ಮದುವೆಯಾಗಲಾರೆ ಎನ್ನುವ ಕಾದಂಬರಿಯಿದ್ದಾಳೆ. ಇದು ಅದ್ಭುತ ಪ್ರೇಮಕಥೆಯಲ್ಲದೆ ಮತ್ತೇನು? ಅಂಥ ಕಥೆಯ ನಾಯಕಿಯ ಹೆಸರನ್ನೇ ಇಡೀ ಪ್ರಕಾರಕ್ಕೆ ಇಟ್ಟುಕೊಂಡು, ಅಂಥದೇ ಕಥೆ ಕೈಯಲ್ಲಿ ಹಿಡಿದ ಮಗಳನ್ನು ಗದರುವುದು ನಗೆಗೀಡಾಗುವ ಮಾತಲ್ಲವೆ?

ಒಂದು ಆಕ್ಷೇಪಕ್ಕೆ ಮಾತ್ರ ನಾವು ಕಿವಿಗೊಡಲೇಬೇಕು. ಈ ಪುಸ್ತಕಗಳಲ್ಲಿ ಕೆಲವು ಎಳೆಯರಿಗೆ ತಕ್ಕವಲ್ಲ. ಶೃಂಗಾರ ಧಾರಾಳವಾಗಿಯೇ ಇದೆ. 2024ರ ಆಗಸ್ಟಿನಲ್ಲಿ ಅಮೆರಿಕದ ಯೂಟಾ ರಾಜ್ಯದ ಸರ್ಕಾರಿ ಶಾಲೆಗಳಿಂದ ತೆಗೆಸಿದ 13 ಪುಸ್ತಕಗಳ ಮೊದಲ ಪಟ್ಟಿಯಲ್ಲಿ 6 ಈ ಲೇಖಕಿಯವೇ. ಎಲ್ಲ ಪುಸ್ತಕವೂ ಎಲ್ಲ ವಯಸ್ಸಿಗೂ ಅಲ್ಲವೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಅದು ವಯಸ್ಸಿನ ಮಾತಾಯಿತು, ಕಥೆಯ ಜಾತಿಯ ಮೇಲಿನ ದೂರಾಗಲಿಲ್ಲ. ಯಾವ ವಯಸ್ಸಿಗೆ ಯಾವ ಪುಸ್ತಕ ಎಂದು ಹೇಳಬೇಕಾದ ತಂದೆತಾಯಿಯೂ ಮೊದಲು ಅದನ್ನು ಓದಿರಬೇಕಷ್ಟೆ!

“ಇದೆಲ್ಲ ಬದುಕಿನಿಂದ ಓಡಿಹೋಗುವ ದಾರಿ” ಎಂಬುದು ಇನ್ನೊಂದು ಮಾತು. ಬೀಗ ಹಾಕಿದ ಮನೆಯೊಳಗಿನ ಹೆಣ್ಣಿನ ಸಂಕಟವನ್ನು ಅತ್ತೆ ಮಾವಂದಿರ ಎದುರು ನೇರವಾಗಿ ಆಡುವಂತಿರಲಿಲ್ಲ. ನಾಗನ ಕಥೆಯಾಗಿ ಆಡಬಹುದಿತ್ತು. ನಮ್ಮ ಅಜ್ಜಿಯರು ಆಡಿದರು. ಓಡಿಹೋಗುವವರು ಹಾಗೆ ಆಡುತ್ತಾರೆಯೆ?

ಈಗ ನಮ್ಮ ಬೆನ್ನನ್ನೂ ನೋಡಿಕೊಳ್ಳೋಣ. ಊರು ಬಿಟ್ಟು ಬರುವಾಗ ನಾವು ಒರಳನ್ನು ತಂದೆವು, ಮೆಂತ್ಯದ ಹಿಟ್ಟು ತಂದೆವು, ಕುಲದೇವರ ಪಟ ತಂದೆವು. ಕಥೆಗಳನ್ನು ಅಲ್ಲೇ ಬಿಟ್ಟೆವು. ವರ್ಷಕ್ಕೊಮ್ಮೆ ಬಂದು ಎರಡು ತಿಂಗಳು ಇರುವ ಅಜ್ಜಿಯ ಮುಂದೆ ಟಿ.ವಿ. ಹಚ್ಚಿಟ್ಟೆವು. ಮೊಮ್ಮಗಳಿಗೆ ಅಜ್ಜಿಯ ಕನ್ನಡ ಅರ್ಧ ತಿಳಿಯದು, ಅಜ್ಜಿಗೆ ಮೊಮ್ಮಗಳ ಇಂಗ್ಲಿಷು ತಿಳಿಯದು. ನಡುವೆ ಕುಳಿತ ನಾವು ಆಫೀಸು, ಟ್ಯೂಷನ್ನು, ಲೋಕಲ್ ರೈಲು ಎಂದೆವು. ಮಗುವಿಗೆ ಕಥೆಯ ಹಸಿವು ಮಾತ್ರ ಹೋಗಲಿಲ್ಲ. ಮನೆಯಲ್ಲಿ ಸಿಗದ್ದನ್ನು ಅದು ಅಂಗಡಿಯಲ್ಲಿ ಕಂಡುಕೊಂಡಿತು. ತಪ್ಪು ಯಾರದು?

ಆದ್ದರಿಂದ ನಮ್ಮ ಬಿನ್ನಹ ಇಷ್ಟೇ. ಮಗಳ ಕೈಯಿಂದ ಪುಸ್ತಕ ಕಿತ್ತುಕೊಳ್ಳಬೇಡಿ. ಕಥೆ ಹೇಳಮ್ಮ ಎಂದು ಕೇಳಿ. ಅವಳು ಹೇಳಿ ಮುಗಿಸಿದ ಮೇಲೆ ನಾಗನ ಕಥೆ ಹೇಳಿ, ಮಹಾಶ್ವೇತೆಯ ಕಥೆ ಹೇಳಿ. ಮರೆತಿದ್ದರೆ ಊರಿಗೆ ಫೋನು ಮಾಡಿ ಹಿರಿಯರನ್ನು ಕೇಳಿ. ಕೇಳಲು ಅವರು ಇರುವಾಗಲೇ ಕೇಳಿ. ಸಂಘಗಳ ರಾಜ್ಯೋತ್ಸವದ ಸ್ಪರ್ಧೆಗಳಲ್ಲಿ ಭಾಷಣ, ಭಾವಗೀತೆಗಳ ಜೊತೆಗೆ ಅಜ್ಜಿಕಥೆಗೂ ಒಂದು ಗಂಟೆ ಇರಲಿ. ಕನ್ನಡ ತಡವರಿಸಿದರೆ ತಡವರಿಸಲಿ.

ನಾಳೆ ಈ ಹುಡುಗಿಯರಲ್ಲಿ ಒಬ್ಬಳು ತಾನೇ ಕಾದಂಬರಿ ಬರೆದಾಳು. ಪ್ರೇರಣೆ ಎಲ್ಲಿಂದ ಬಂತೆಂದು ಆಗ ಯಾರಾದರೂ ಕೇಳಿದರೆ, ನಾರ್ವೆಯ ಕರಡಿಯ ಜೊತೆಗೆ ನಮ್ಮ ನಾಗನ ಹೆಸರನ್ನೂ ಹೇಳಲು ಅವಳಿಗೆ ಬರಬೇಕು. ಅದನ್ನು ಅವಳಿಗೆ ಹೇಳಿಕೊಡಬೇಕಾದವರು ನಾವೇ.