ಕಣ್ಣಳತೆಗೆ ನಿಲುಕದ ದೂರ

‘ಕಣ್ಣಾರೆ ಕಂಡೆ’ ಎಂಬ ಮಾತಿಗೆ ನಾವೆಲ್ಲರೂ ಹೆಚ್ಚಿನ ಬೆಲೆ ಕೊಡುತ್ತೇವೆ. ಆದರೆ ಕಣ್ಣು ತಾನೊಂದೇ ದೂರವನ್ನು ಅಳೆಯಬಲ್ಲುದೆ? ಹೊಲದ ಬದುವಿನಲ್ಲಿರುವ ಬೇವಿನ ಮರ ಎಷ್ಟು ದೂರವೆಂದು ನಾವು ಸುಲಭವಾಗಿ ಅಂದಾಜು ಮಾಡುತ್ತೇವೆ. ಮರದ ಎತ್ತರವೂ ಅದರ ನೆರಳಿನಲ್ಲಿ ನಿಂತ ಎತ್ತಿನ ಗಾತ್ರವೂ ನಮಗೆ ಮೊದಲೇ ತಿಳಿದಿರುತ್ತವೆ. ಬೆಟ್ಟವು ಮಸುಕಾಗಿ, ನೀಲಿಯಾಗಿ ಕಂಡರೆ ಅದು ದೂರದ್ದೆಂದು ಅರಿಯುತ್ತೇವೆ. ಆ ಮಸುಕು ನಡುವಿನ ಗಾಳಿಯಿಂದ ಬಂದದ್ದು. ಎರಡು ಕಣ್ಣುಗಳ ನೋಟ ಕೂಡಿ ದೊರೆಯುವ ಆಳದ ಅರಿವು ಹತ್ತಿರದ ವಸ್ತುಗಳಿಗೆ ಮಾತ್ರ ಚೆನ್ನಾಗಿ ಒದಗುತ್ತದೆ. ಉಳಿದುದೆಲ್ಲ ಪರಿಚಯದ ಬಲ.

ಈ ಆಸರೆಗಳು ತಪ್ಪಿದರೆ ಏನಾಗುವುದೆಂಬುದಕ್ಕೆ ಅಪೊಲೊ 14ರ ಯಾತ್ರೆಯೇ ಸಾಕ್ಷಿ. 1971ರ ಫೆಬ್ರವರಿಯಲ್ಲಿ ಅಲನ್ ಶೆಪರ್ಡ್ ಮತ್ತು ಎಡ್ಗರ್ ಮಿಚೆಲ್ ಚಂದ್ರನ ಮೇಲೆ ‘ಕೋನ್’ ಎಂಬ ಕುಳಿಯ ಅಂಚನ್ನು ಮುಟ್ಟಲು ಹೊರಟರು. ಕುಳಿಯ ಅಗಲ ಸುಮಾರು 340 ಮೀಟರ್. ನಕ್ಷೆ ಕೈಯಲ್ಲಿತ್ತು. ಉಪಕರಣಗಳ ಕೈಗಾಡಿಯನ್ನು ಎಳೆಯುತ್ತ ಅವರು ಏರನ್ನು ಹತ್ತಿದರು. ಅಲ್ಲಿ ಗಾಳಿಯಿಲ್ಲ, ಆದ್ದರಿಂದ ದೂರದ ದಿಬ್ಬವೂ ಹತ್ತಿರದ್ದರಷ್ಟೇ ಸ್ಪಷ್ಟ. ಮರವಿಲ್ಲ, ಮನೆಯಿಲ್ಲ, ಎದುರಿನ ಬಂಡೆ ಸಮೀಪದ ಚಿಕ್ಕದೋ ದೂರದ ದೊಡ್ಡದೋ ತಿಳಿಯದು. ಇದೇ ಅಂಚೆಂದು ಏರಿದರೆ ಅದರಾಚೆಗೆ ಮತ್ತೊಂದು ಏರು! ಎದೆಬಡಿತ ಹೆಚ್ಚಿತು, ಹೊತ್ತು ಕಳೆಯಿತು. ಭೂಮಿಯಿಂದ ಹೆಚ್ಚಿನ ಅರ್ಧ ಗಂಟೆಯ ಅನುಮತಿ ದೊರೆತರೂ ಅಂಚು ಕಾಣಲಿಲ್ಲ. ಅಲ್ಲಿಯ ಕಲ್ಲುಗಳನ್ನೇ ಸಂಗ್ರಹಿಸಿ ಅವರು ಹಿಂದಿರುಗಬೇಕಾಯಿತು. 2009ರಿಂದ ಚಂದ್ರನನ್ನು ಸುತ್ತುತ್ತಿರುವ ಅಮೆರಿಕದ ನೌಕೆಯೊಂದು ತೆಗೆದ ಚಿತ್ರಗಳಲ್ಲಿ ಆ ಹೆಜ್ಜೆಗಳ ಜಾಡು ಕಂಡಿತು. ಅವರು ನಿಂತು ಹಿಂದಿರುಗಿದ ಜಾಗದಿಂದ ಅಂಚು ಸುಮಾರು 30 ಮೀಟರ್ ದೂರದಲ್ಲಿತ್ತು!

ಇದು ಅವರ ಶ್ರಮದ ಕೊರತೆಯಲ್ಲ. ಭೂಮಿಯಲ್ಲಿ ಪಳಗಿದ ಕಣ್ಣಿನ ಮಿತಿ. ಯಂತ್ರಗಳಿಗೆ ಈ ತೊಡಕಿಲ್ಲ. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ‘ವಿಕ್ರಮ್’ ಇಳಿದಾಗ ಲೇಸರ್ ಕಿರಣ ಮತ್ತು ರೇಡಿಯೊ ಅಲೆಗಳಿಂದ ತನ್ನ ಎತ್ತರವನ್ನು ಅಳೆಯುತ್ತಲೇ ಇಳಿಯಿತು.

ಮುಂದೆ ಮಾನವನು ಮಂಗಳಕ್ಕೆ ಹೋದಾನು. ಮಂಗಳ ಭೂಮಿಗಿಂತ ಚಿಕ್ಕದು. ಅಲ್ಲಿ ದಿಗಂತ ಹತ್ತಿರ, ಗಾಳಿ ಬಲು ತೆಳು, ಧೂಳು ಹೆಚ್ಚು. ದಾರಿ ತಿಳಿಯದೆ ನಿಂತವನು ಭೂಮಿಯನ್ನು ಕೇಳೋಣವೆಂದರೆ, ಅವನ ಪ್ರಶ್ನೆ ಇಲ್ಲಿಗೆ ಮುಟ್ಟಲು 3ರಿಂದ 22 ನಿಮಿಷ ಬೇಕು. ಉತ್ತರ ಹಿಂದಿರುಗಲು ಮತ್ತೆ ಅಷ್ಟೇ. ಅವನ ಬೆನ್ನಿನ ಚೀಲದಲ್ಲಿರುವ ಉಸಿರಾದರೋ ಅಳತೆಯದು. ಅಲ್ಲಿ ದೂರದ ಅಂದಾಜು ತಪ್ಪಿದರೆ ಪ್ರಾಣಕ್ಕೇ ಕುತ್ತು. ಅಂಥವನು ಅಳತೆ ಗೊತ್ತಿರುವ ಒಂದು ಕೋಲನ್ನು ನೆಟ್ಟು, ಅದರೊಡನೆ ಸುತ್ತಲಿನದನ್ನು ಹೋಲಿಸಿ ನೋಡುವುದನ್ನು ಮಗುವಿನಂತೆ ಹೊಸದಾಗಿ ಕಲಿಯಬೇಕಾದೀತೆಂದು ನಮಗೆ ತೋರುತ್ತದೆ. ಎಷ್ಟು ದೂರ ಹೋದರೂ ತಿಳಿಯದುದನ್ನು ಅಳೆಯಲು ತಿಳಿದುದೊಂದು ಜೊತೆಗಿರಲೇಬೇಕು.