ಅರ್ಧ ಶಿಫಾರಸು

ಚಂದಾಪುರದ ಕೆರೆ ಏರಿಯ ಮೇಲೆ ಬೆಳಗಿನ ಹೊತ್ತು ನಡೆಯಲು ಹೋದಾಗ ಓಟದ ಅಭ್ಯಾಸ ಮಾಡುವ ನಾಲ್ಕಾರು ಹುಡುಗರು ಎದುರಾಗುತ್ತಾರೆ. ಅವರಲ್ಲೊಬ್ಬ ನನ್ನ ಹಳೆಯ ವಿದ್ಯಾರ್ಥಿಯ ಮಗ. ತಂದೆ ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸಗಾರ. ಮೊನ್ನೆ ಆ ಹುಡುಗ ಏದುಸಿರು ಬಿಡುತ್ತಲೇ, ‘ಮೇಷ್ಟ್ರೇ, ಅಗ್ನಿವೀರನಾಗಿ ಹೋದ್ರೆ ನಾಲ್ಕು ವರ್ಷ ಆದ್ಮೇಲೆ ಅಪ್ಪನ ಥರ ಕಾಂಟ್ರಾಕ್ಟ್‌ಗೇ ಬರಬೇಕಾ?’ ಎಂದ. ಉತ್ತರ ಕೊಡಲಾಗದೆ ಮನೆಗೆ ಬಂದೆ.

1999ರ ಮಳೆಗಾಲದಲ್ಲಿ ನಮ್ಮ ಶಾಲೆಯ ಮಕ್ಕಳು ಕಾರ್ಗಿಲ್ ನಿಧಿಗೆಂದು ಡಬ್ಬಿ ಹಿಡಿದು ಅಂಗಡಿ ಅಂಗಡಿ ತಿರುಗಿದ್ದರು. ಈ ಹುಡುಗನ ತಂದೆಯೂ ಅವರಲ್ಲೊಬ್ಬ. ಅದೇ ಜುಲೈ 29ರಂದು ಸರ್ಕಾರ ಕೆ. ಸುಬ್ರಹ್ಮಣ್ಯಂ ಅವರ ಅಧ್ಯಕ್ಷತೆಯಲ್ಲಿ ಕಾರ್ಗಿಲ್ ಪರಿಶೀಲನಾ ಸಮಿತಿಯನ್ನು ನೇಮಿಸಿತು. ಲೆಫ್ಟಿನೆಂಟ್ ಜನರಲ್ ಕೆ.ಕೆ. ಹಜಾರಿ, ಪತ್ರಕರ್ತ ಬಿ.ಜಿ. ವರ್ಗೀಸ್, ಸತೀಶ್ ಚಂದ್ರ ಸದಸ್ಯರು. ಪಕ್ಷದ ಬಾವುಟ ಹಿಡಿದವರು ಒಬ್ಬರೂ ಇರಲಿಲ್ಲ. 2000ದ ಫೆಬ್ರವರಿ 23ರಂದು ವರದಿ ಸಂಸತ್ತಿನ ಮುಂದೆ ಬಂತು.

ಸೇನೆ ಸದಾ ತರುಣವಾಗಿರಬೇಕು, 17 ವರ್ಷಗಳ ಸಕ್ರಿಯ ಸೇವೆಯನ್ನು ಏಳರಿಂದ ಹತ್ತು ವರ್ಷಕ್ಕೆ ಇಳಿಸಬೇಕು ಎಂದಿತು ಆ ವರದಿ. ಅಗ್ನಿಪಥದ ಸಮರ್ಥಕರು ಇಷ್ಟನ್ನು ಉತ್ಸಾಹದಿಂದ ಉದ್ಧರಿಸುತ್ತಾರೆ. ಆದರೆ ಆ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಹೀಗೆ ಬಿಡುಗಡೆಯಾದವರನ್ನು ಅರೆಸೇನಾ ಪಡೆಗಳಿಗೆ ಕಳುಹಿಸಬೇಕು ಎಂಬುದು ಅದರ ಉತ್ತರಾರ್ಧ. 2022ರ ಜೂನ್ 14ರಂದು ಘೋಷಣೆಯಾದ ಯೋಜನೆಯಲ್ಲಿ ಅವಧಿ ನಾಲ್ಕೇ ವರ್ಷ. ಸೇನೆಯಲ್ಲಿ ಉಳಿಯುವವರು ಗರಿಷ್ಠ ಶೇ. 25. ಉಳಿದವರಿಗೆ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಮೊದಲು ಘೋಷಿಸಿದ ಮೀಸಲು ಶೇ. 10. ಮೀಸಲೆಂದರೆ ಮತ್ತೆ ಅರ್ಜಿ, ಮತ್ತೆ ಸರದಿ. ಸಮಿತಿ ಹೇಳಿದ್ದು ಅದನ್ನಲ್ಲ.

ಸೇನೆಯ ವಿಷಯದಲ್ಲಿ ಸಂಸದರು ಕೈಹಾಕಬಾರದೆಂದು ನನ್ನ ಗೆಳೆಯರೊಬ್ಬರು ವಾದಿಸುತ್ತಾರೆ. ರಣರಂಗದಲ್ಲಿ ಯಾವ ಗುಡ್ಡ ಹಿಡಿಯಬೇಕೆಂಬ ಪ್ರಶ್ನೆಯಾದರೆ ನಾನೂ ಒಪ್ಪಿಯೇನು. ಇದು ಹಾಗಲ್ಲ. ಸೇನೆ ರಕ್ಷಣಾ ಸಚಿವಾಲಯದ್ದು, ಅರೆಸೇನಾ ಪಡೆಗಳು ಗೃಹ ಸಚಿವಾಲಯದವು. ಎರಡೂ ಮನೆಯ ಯಜಮಾನರನ್ನು ಒಂದೇ ಜಗಲಿಯಲ್ಲಿ ಕೂರಿಸಿ ಲೆಕ್ಕ ಕೇಳುವ ಅಧಿಕಾರವುಳ್ಳದ್ದು ಸಂಸತ್ತು. ಇಬ್ಬರಿಗೂ ಹಣ ಮಂಜೂರು ಮಾಡುವುದು ಲೋಕಸಭೆ. ಸಂಸತ್ತು ಒತ್ತಾಯಿಸದಿದ್ದರೆ ಏನಾಗುತ್ತದೆಂಬುದಕ್ಕೂ ನಿದರ್ಶನವಿದೆ. ಆ ವರದಿಯ ಬೆನ್ನಿಗೇ ರಚನೆಯಾದ ಸಚಿವರ ಗುಂಪು 2001ರಲ್ಲಿ ಮೂರೂ ಪಡೆಗಳಿಗೆ ಒಬ್ಬ ರಕ್ಷಣಾ ಮುಖ್ಯಸ್ಥ ಬೇಕೆಂದಿತು. ಜನರಲ್ ಬಿಪಿನ್ ರಾವತ್ ಆ ಹುದ್ದೆಯಲ್ಲಿ ಕುಳಿತದ್ದು 2020ರ ಜನವರಿ 1ರಂದು! ನನ್ನ ಶಾಲೆಯಲ್ಲಿ ಒಂದನೇ ತರಗತಿಗೆ ಸೇರಿದ ಮಗು ಪದವಿ ಮುಗಿಸಿ ಕೆಲಸಕ್ಕೆ ಸೇರುವಷ್ಟು ಕಾಲ.

ಪಿಂಚಣಿಯ ಹೊರೆ ನಿಜ. ಸಮಿತಿಯೇ ಅದನ್ನು ಎತ್ತಿ ಹೇಳಿತ್ತು. ಅದಕ್ಕಾಗಿಯೇ ಅದು ತರಬೇತಿ ಪಡೆದ ಕೈಗಳನ್ನು ವ್ಯರ್ಥಮಾಡದ ದಾರಿ ತೋರಿಸಿತು. ಸಂಸದರು, ಆಳುವ ಪಕ್ಷದವರೂ ಸೇರಿ, ಆ ಶಿಫಾರಸನ್ನು ಇಡಿಯಾಗಿ ಬೆಂಬಲಿಸಲಿ. ಒಪ್ಪದಿದ್ದರೆ ಉತ್ತರಾರ್ಧವನ್ನು ಏಕೆ ಕೈಬಿಟ್ಟೆವೆಂದು ಸದನದಲ್ಲಿ ಎದ್ದುನಿಂತು ಕಾರಣ ಹೇಳಲಿ.

ಆನೇಕಲ್ ಸೇರಿದಂತೆ ಬೆಂಗಳೂರು ಗ್ರಾಮಾಂತರ ಕ್ಷೇತ್ರದ ನಮ್ಮ ಸದಸ್ಯರಿಗೆ ಇದನ್ನೇ ಬರೆದು ನಿನ್ನೆ ಅಂಚೆಗೆ ಹಾಕಿದ್ದೇನೆ. ಪ್ರತಿಯೊಂದನ್ನು ಆ ಹುಡುಗನಿಗೂ ಕೊಟ್ಟೆ. ಮಡಿಚಿ ಜೇಬಿಗಿಟ್ಟುಕೊಂಡು, ಇನ್ನೆರಡು ಸುತ್ತು ಬಾಕಿಯಿದೆಯೆಂದು ಓಡಿದ.